ಆಟದಿಂದ ಹುಟ್ಟಿದ ಫ್ಯಾಂಟಸಿ ಕಾದಂಬರಿಗಳನ್ನು ಆ ಆಟ ಗೊತ್ತಿಲ್ಲದವರು ಓದಬಹುದಾ?

ಧಾರಾಳವಾಗಿ ಓದಬಹುದು.

ಇಂಥ ಬಹಳಷ್ಟು ಕಾದಂಬರಿಗಳ ಬೇರು 1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿದೆ. ಕೆಲವರು ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಏಟು ತಾಗಿತೋ ಇಲ್ಲವೋ ಹೇಳುವುದು ದಾಳ. ನಮ್ಮ ಶಿರಸಿ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ತಾಳಮದ್ದಲೆ ಕೇಳಿದ್ದೀರಲ್ವಾ? ಪ್ರಸಂಗದ ಪದ್ಯ ಮೊದಲೇ ಇರುತ್ತದೆ, ಅರ್ಥಧಾರಿಯ ಮಾತು ಮಾತ್ರ ಅಲ್ಲೇ ಹುಟ್ಟುತ್ತದೆ.

1984ರ ‘ಡ್ರ್ಯಾಗನ್ಸ್ ಆಫ್ ಆಟಮ್ ಟ್ವೈಲೈಟ್’ನಿಂದ ಶುರು ಮಾಡಿ. ಬರೆದವರು ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್. ಕಳೆದ ಮಳೆಗಾಲ ನಾವು ಮೂವರು ಗೆಳೆಯರು ಒಂದೇ ಪ್ರತಿ ಹಂಚಿಕೊಂಡು ಓದಿದೆವು. ಹೆಜ್ಜೆಗೊಂದು ಕಾಳಗ, ದಾಳ ಉರುಳುವ ಸದ್ದೇ ಕೇಳುತ್ತದೆ ಅಂತ ಒಬ್ಬ ಅರ್ಧಕ್ಕೇ ಬಿಟ್ಟ. ಅವನ ಮಾತು ಸುಳ್ಳಲ್ಲ. ಆದರೆ ರೈಸ್ಟ್‌ಲಿನ್ ಅನ್ನೋ ಮಾಂತ್ರಿಕ ನನ್ನನ್ನು ಹಿಡಿದು ಕೂರಿಸಿದ. ಮಂತ್ರಶಕ್ತಿಗಾಗಿ ಆರೋಗ್ಯವನ್ನೇ ತೆತ್ತವನು, ಸದಾ ಕೆಮ್ಮು. ಅವನ ಅವಳಿ ಸೋದರ ಕ್ಯಾರಮನ್ ಮಾತ್ರ ಗಟ್ಟಿಮುಟ್ಟು. ಇಬ್ಬರ ನಡುವಿನ ಪ್ರೀತಿ, ಒಳಗೊಳಗಿನ ಹೊಟ್ಟೆಕಿಚ್ಚು ಯಾವ ಆಟದ ನಿಯಮದಿಂದಲೂ ಬರುವಂಥದ್ದಲ್ಲ. ಅದನ್ನು ಓದೋಕೆ ಆಟ ಗೊತ್ತಿರಬೇಕಾಗಿಲ್ಲ.

ಒಂದು ಗೊಂದಲ ಜಾಸ್ತಿ ಜನಕ್ಕಿದೆ. ‘ದಿ ವಿಚರ್’ ಅನ್ನೋ ಫ್ಯಾಂಟಸಿ ಕಥಾಸರಣಿ ಅದೇ ಹೆಸರಿನ ಕಂಪ್ಯೂಟರ್ ಗೇಮ್‌ನಿಂದ ಬಂದದ್ದಲ್ಲ. ಪೋಲೆಂಡಿನಲ್ಲಿ ಅದರ ಮೊದಲ ಕಥೆ ಬಂದದ್ದು 1986ರಲ್ಲಿ, ಗೇಮ್ ಬಂದದ್ದು 2007ರಲ್ಲಿ.