ಮನ್ರೋ ಅನ್ನೋ ಮನೆತನದ ಹೆಸರು ಎಲ್ಲಿಂದ ಬಂತು?

1800ರಿಂದ ಬಳ್ಳಾರಿ ಸೀಮೆಗೆ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಹೆಸರಿನಲ್ಲಿರುವ 'ಮನ್ರೋ'ಗೆ ಅರ್ಥ ಏನು ಅಂತ ಕೇಳಿದ್ದೀರಲ್ಲ, ಅದು ಜಾಗದಿಂದ ಬಂದ ಹೆಸರು, ನಮ್ಮಲ್ಲಿ ಊರಿನ ಹೆಸರು ಸೇರಿಸಿಕೊಳ್ಳುತ್ತೇವಲ್ವಾ, ಹಾಗೇ. ಐರ್ಲೆಂಡಿನ ರೋ ನದಿ ಕಡೆಯಿಂದ ಬಂದವರು ಅನ್ನೋದು ಆ ಮನೆತನದವರ ನಂಬಿಕೆ. ಉತ್ತರ ಸ್ಕಾಟ್ಲೆಂಡಿನ ಫೌಲಿಸ್ ಅವರ ಹಳೇ ನೆಲೆ. ಆದರೆ ಥಾಮಸ್ ಹುಟ್ಟಿದ್ದು ಗ್ಲಾಸ್ಗೋದಲ್ಲಿ, 1761ರಲ್ಲಿ. ಅಮೆರಿಕದ 5ನೇ ಅಧ್ಯಕ್ಷ ಜೇಮ್ಸ್ ಮನ್ರೋ ಅವರ ಹಿರೀಕರೂ ಸ್ಕಾಟ್ಲೆಂಡಿನವರೇ.

ನನಗೆ ತುಂಬಾ ಇಷ್ಟವಾದದ್ದು ಇದು: ಸ್ಕಾಟ್ಲೆಂಡಿನಲ್ಲಿ 3,000 ಅಡಿ ದಾಟಿದ ದೊಡ್ಡ ಬೆಟ್ಟಕ್ಕೆ 'ಮನ್ರೋ' ಅಂತಲೇ ಹೆಸರು, 1891ರಲ್ಲಿ ಹ್ಯೂ ಮನ್ರೋ ಅಂಥ ಬೆಟ್ಟಗಳ ಪಟ್ಟಿ ಮಾಡಿದ್ದರಿಂದ. ಈಗ ಪಟ್ಟಿಯಲ್ಲಿ 282 ಇವೆ, ಜನ ಒಂದೊಂದನ್ನೇ ಹತ್ತಿ ಲೆಕ್ಕ ಇಟ್ಟುಕೊಳ್ಳುತ್ತಾರೆ.