ಕಾನೂನು ಕಟ್ಟೆ: ಹತ್ತು ಜನ ಹೌದಂದ್ರು, ಇಬ್ರು ಅಲ್ಲಂದ್ರು

ಪ್ರಶ್ನೆ: ವಕೀಲ್ರೇ, ನನ್ನ ತಂಗಿ ಮಗ ಅಮೆರಿಕದ ಲೂಸಿಯಾನದಲ್ಲಿದ್ದಾನೆ. ಅಲ್ಲಿ ಜ್ಯೂರಿಯ (ಕೇಸು ಕೇಳಿ ತೀರ್ಪು ಹೇಳ್ಲಿಕ್ಕೆ ಕೂರಿಸುವ ಸಾಮಾನ್ಯ ಜನರ ಗುಂಪು) 12 ಜನರಲ್ಲಿ 10 ಜನ ಒಪ್ಪಿದ್ರೆ ಸಾಕು, ಜೈಲಿಗೆ ಹಾಕ್ತಿದ್ರಂತೆ. ಅದು ತಪ್ಪು ಅಂತ ಈಗ ಕೋರ್ಟೇ ಹೇಳಿದೆಯಂತೆ, ಆದ್ರೂ ಹಳಬರು ಒಳಗೇ ಇದ್ದಾರಂತೆ. ಅವರಿಗೆ ಪೆರೋಲ್ ಆದ್ರೂ ಕೊಡ್ಲಿಕ್ಕೆ ಎಂತ ತೊಂದ್ರೆ? - ಓದುಗರೊಬ್ಬರು, ಕಲ್ಯಾಣಪುರ, ಉಡುಪಿ

ಉತ್ತರ: ನಿಮ್ಮ ಸೋದರಳಿಯ ಹೇಳಿದ್ದು ಸರಿಯೇ. ನಮ್ಮಲ್ಲಿ ಪಂಚಾತಿಕೆಗೆ ಕೂತಾಗ ಒಬ್ಬ ಅಜ್ಜ ತಲೆ ಅಲ್ಲಾಡಿಸಿದ್ರೆ ಇನ್ನೊಂದು ಚಾ ತರಿಸಿ ಮತ್ತೆ ಮಾತು ಶುರು ಮಾಡ್ತಾರಲ್ಲ, ಅಲ್ಲಿ ಆ ಇಬ್ಬರ ಹತ್ರ ಮಾತಾಡುವ ಅಗತ್ಯವೇ ಇರ್ಲಿಲ್ಲ. 1898ರಲ್ಲಿ ಈ ನಿಯಮ ತಂದದ್ದೂ ಅದಕ್ಕೇ, ಜ್ಯೂರಿಯಲ್ಲಿ ಒಬ್ಬಿಬ್ಬರು ಕರಿಯರು ಕೂತ್ರೂ ಅವರ ಮಾತು ನಡೀಬಾರ್ದು ಅಂತ. ಆಗ 9 ಜನ ಸಾಕಿತ್ತು, ಆಮೇಲೆ 10 ಆಯ್ತು. 2018ರಲ್ಲಿ ಜನರೇ ಓಟು ಹಾಕಿ ತೆಗೆದ್ರು, ಆದ್ರೆ 2019ರ ಜನವರಿಯಿಂದ ಆಗುವ ಅಪರಾಧಗಳಿಗೆ ಮಾತ್ರ. 2020ರಲ್ಲಿ ರಾಮೋಸ್ ಅನ್ನುವ ಕೈದಿಯ ಕೇಸಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 12 ಜನರೂ ಒಪ್ಪಲೇಬೇಕು ಅಂದ್ತು, 2021ರಲ್ಲಿ ಅದೇ ಕೋರ್ಟು, ಅಪೀಲು ಎಲ್ಲ ಮುಗಿದ ಹಳೇ ಕೇಸುಗಳಿಗೆ ಇದು ಅನ್ವಯಿಸುದಿಲ್ಲ ಅಂದ್ತು, 2022ರಲ್ಲಿ ಲೂಸಿಯಾನದ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಎಂತ ಲೆಕ್ಕ ಮಾರಾಯ್ರೆ! ಒರೆಗಾನ್ ರಾಜ್ಯದಲ್ಲಿ ಇಂಥದ್ದೇ ನಿಯಮ 1934ರಿಂದ ಇತ್ತು, ಅಲ್ಲಿನ ಕೋರ್ಟು ಮಾತ್ರ 2022ರಲ್ಲಿ ಹಳಬರಿಗೂ ಬಾಗಿಲು ತೆರೆಯಿತು.

ಇನ್ನು ಪೆರೋಲ್. ನಮ್ಮಲ್ಲಿ ಪೆರೋಲ್ ಅಂದ್ರೆ ಮನೆಯಲ್ಲಿ ಮದುವೆಯೋ ಸಾವೋ ಆದಾಗ ಕೆಲವು ದಿನ ಬಂದು ಹೋಗುದು, ಅಲ್ಲಿ ಹಾಗಲ್ಲ, ಷರತ್ತಿನ ಮೇಲೆ ಹೊರಗೇ ಬಿಡುದು. ಲೂಸಿಯಾನದಲ್ಲಿ ಜೀವಾವಧಿ ಆದವನಿಗೆ ಸಾಮಾನ್ಯವಾಗಿ ಪೆರೋಲೇ ಇಲ್ಲ, ಹಾಗಾಗಿ ಹೊಸ ಕಾನೂನು ಮಾಡದೆ ಆಗುದಿಲ್ಲ. ಅಂಥ ಮಸೂದೆಗಳು ಬಂದವು, ಆದ್ರೆ ಪಾಸಾಗ್ಲಿಲ್ಲ.

ನನ್ನ ತಕರಾರು ಬೇರೆ. ಪೆರೋಲ್ ಬೋರ್ಡಿನವರು ಮೊದ್ಲು ನೋಡುದೇ ಪಶ್ಚಾತ್ತಾಪ ಉಂಟಾ ಅಂತ. ಇಪ್ಪತ್ತು ವರ್ಷ "ನಾನು ಮಾಡ್ಲಿಲ್ಲ" ಅಂತ ಹೇಳಿದವ, ಅದನ್ನೇ ನಂಬಿ ಇಬ್ಬರು ಅವನ ಪರ ನಿಂತಿದ್ರು, ಈಗ ಹೊರಗೆ ಬರ್ಲಿಕ್ಕೆ "ಮಾಡಿದ್ದೆ, ತಪ್ಪಾಯ್ತು" ಅನ್ನಬೇಕಾ? ಪೆರೋಲ್ ಸಿಕ್ಕಿದ್ರೂ ಹಣೆ ಮೇಲಿನ ಅಪರಾಧಿ ಅನ್ನುವ ಬರಹ ಹಾಗೇ ಉಳೀತದೆ. ಏನೂ ಇಲ್ಲದ್ದಕ್ಕಿಂತ ಅದು ವಾಸಿ, ಬೇಡ ಅನ್ನುದಿಲ್ಲ ನಾನು. ಆದ್ರೆ ಅವರಿಗೆ ಬೇಕಾದ್ದು ಇನ್ನೊಂದು ವಿಚಾರಣೆ. ಆ ರಾಮೋಸ್‌ನನ್ನೇ ನೋಡಿ, ಮೊದ್ಲು 10-2ರಲ್ಲಿ ಜೀವಾವಧಿ ಆಗಿತ್ತು, 2023ರಲ್ಲಿ ಹೊಸ ಜ್ಯೂರಿ ಎದುರು ನಿಂತ, ನಿರಪರಾಧಿ ಅಂತ ಬಿಡುಗಡೆ ಆಯ್ತು.