ಮೂವತ್ತೆರಡು ಸೈಕಲ್ಲಿಗೆ ಒಂದು ಕೊಳಗ ಅನ್ನ

ಚಳಿ ಶುರುವಾಯಿತು ಅಂದರೆ ಸೈಕಲ್ ಪ್ರವಾಸ ಹೊರಡುವವರ ಪತ್ರಗಳೂ ಶುರು. ಪಂಕ್ಚರ್ ಬಗ್ಗೆ ಕೇಳುವವರು ಬೇರೆ ಕಡೆ ಕೇಳುತ್ತಾರೆ, ಹೊಟ್ಟೆ ಬಗ್ಗೆ ಕೇಳುವವರು ನನಗೆ ಬರೆಯುತ್ತಾರೆ. ಈ ಸಲ ನಾಲ್ಕು ಪ್ರಶ್ನೆ ತೆಗೆದುಕೊಂಡಿದ್ದೇನೆ. ಮೊದಲನೆಯದಕ್ಕೇ ಜಾಸ್ತಿ ಜಾಗ ಹೋಗಿದೆ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮಸ್ಕಾರ್ರೀ. ನಾವು 32 ಮಂದಿ ಜನವರಿಯಲ್ಲಿ ಕಲಘಟಗಿ, ಯಲ್ಲಾಪುರ, ಅಂಕೋಲಾ ದಾರಿಯಲ್ಲಿ ಗೋಕರ್ಣಕ್ಕೆ ಸೈಕಲ್ ಮೇಲೆ ಹೊರಟಿದ್ದೇವೆ. ಮೂರು ದಿನ, ಎರಡು ರಾತ್ರಿ. ಸಾಮಾನಿಗೆ ಒಂದು ಟಾಟಾ ಏಸ್ ಇದೆ. ಅಡುಗೆ ನಾವೇ ಮಾಡಿಕೊಳ್ಳಬೇಕು ಅಂತ ಎಲ್ಲರಿಗೂ ಆಸೆ. ಹೋದ ವರ್ಷ ಹಂಪಿಗೆ ಹೋದಾಗ ಮೊದಲು ಬಂದವರಿಗೆ ಅಡುಗೆ ಆಗಿರಲಿಲ್ಲ, ಕೊನೆಗೆ ಬಂದವರಿಗೆ ಉಳಿದಿರಲಿಲ್ಲ. ಏನು ಮಾಡಬೇಕು, ಎಷ್ಟೆಷ್ಟು ಹಾಕಬೇಕು ಹೇಳ್ರಿ. (ಓದುಗರು, ಧಾರವಾಡ)

ಉತ್ತರ: ಹಂಪಿಯಲ್ಲಿ ನಿಮ್ಮ ಅಡುಗೆ ಕೆಟ್ಟಿರಲಿಲ್ಲ, ಹೊತ್ತು ಕೆಟ್ಟಿತ್ತು. ಮದುವೆ ಮನೆಯಲ್ಲಿ ಎಲೆ ಹಾಕಿದರೆ ಇಡೀ ಪಂಕ್ತಿ ಒಟ್ಟಿಗೆ ಕೂರುತ್ತದೆ. ಸೈಕಲ್‌ನವರು ಹಾಗೆ ಬರುವುದಿಲ್ಲ. ಮುಂದಿನವನು ನಾಲ್ಕು ಗಂಟೆಗೆ ಬಂದು ಕೊಳಗದ ಮುಚ್ಚಳ ಎತ್ತಿ ನೋಡುತ್ತಾನೆ. ಕೊನೆಯವರು ಚೈನ್ ಕಳಚಿ, ದಾರಿಯಲ್ಲಿ ಫೋಟೊ ಹೊಡೆದು, ಏಳಕ್ಕೆ ಬರುತ್ತಾರೆ. ಮಧ್ಯೆ ಮೂರು ತಾಸು. ಅದಕ್ಕೇ ನಾನು ಮೆನು ಬರೆಯುವಾಗ ಪ್ರತಿ ಪದಾರ್ಥಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ: ಇದು ಕಾಯುತ್ತದಾ?

ಉಪ್ಪಿಟ್ಟು ಕಾಯುವುದಿಲ್ಲ, ಒಂದು ತಾಸಿಗೆ ಗಟ್ಟಿ. ಬಿಸಿಬೇಳೆ ಬಾತಿನದೂ ಅದೇ ಕಥೆ. ಏಳು ಗಂಟೆಗೆ ಬಂದವನಿಗೆ ಸೌಟಿನಲ್ಲಿ ಕಡಿದು ಹಾಕಬೇಕಾಗುತ್ತದೆ. ಹುಳಿ, ಸಾರು ಕಾಯುತ್ತವೆ. ಸಣ್ಣ ಉರಿಯಲ್ಲಿ ಕುದಿಯುತ್ತಾ ಇದ್ದರೆ ರುಚಿ ಏರುತ್ತದೆ. ಹುರುಳಿ ಕಟ್ಟಿನ ಸಾರಂತೂ ಕೊನೆಗೆ ಬಂದವನಿಗೇ ಜಾಸ್ತಿ ರುಚಿ. ಹಾಗಾಗಿ ರಾತ್ರಿಗೆ ಅನ್ನ, ಹುಳಿ, ಒಂದು ಪಲ್ಯ, ಮಜ್ಜಿಗೆ ಸಾಕು. ಅನ್ನವನ್ನು ಮಾತ್ರ ಎರಡು ಸಲ ಬೇಯಿಸಿ. ಐದು ಕೆಜಿ ಅಕ್ಕಿಯಲ್ಲಿ ಮೂರು ಕೆಜಿ ಮೊದಲು, ಎರಡು ಕೆಜಿ ಕೊನೆಯ ಗುಂಪು ಇನ್ನು ಐದು ಕಿಲೋಮೀಟರ್ ಇದೆ ಅಂತ ಫೋನ್ ಮಾಡಿದಾಗ. ಒಂದೇ ಏಟಿಗೆ ಐದು ಕೆಜಿ ಹಾಕಿದರೆ ಅನುಭವ ಇಲ್ಲದ ಕೈಗೆ ತಳ ಮುದ್ದೆ, ಮೇಲೆ ಅಕ್ಕಿ.

ಆದರೆ ನಾಲ್ಕು ಗಂಟೆಗೆ ಬಂದವನು ಊಟದ ತನಕ ಸುಮ್ನೆ ಕೂರುವುದಿಲ್ಲ, ಅಲ್ವಾ? ಅವನ ಕೈಗೆ ತಕ್ಷಣ ಏನಾದರೂ ಕೊಡಬೇಕು. ಇದಕ್ಕೆ ನಿಮ್ಮ ಊರಿನದೇ ಮದ್ದು ಇದೆ, ಗಿರಮಿಟ್. ಈರುಳ್ಳಿ, ಹಸಿಮೆಣಸಿನಕಾಯಿ, ಟೊಮೆಟೊ, ಹುಣಸೆರಸ, ಬೆಲ್ಲ ಹಾಕಿದ ಗೊಜ್ಜನ್ನು ಎಣ್ಣೆ ಬಿಡುವ ತನಕ ಕುದಿಸಿ ಬೆಳಿಗ್ಗೆಯೇ ಡಬ್ಬಿಗೆ ಹಾಕಿಡಿ. ಚುರುಮುರಿ ಚೀಲ ಏಸ್‌ನಲ್ಲಿ ಎಲ್ಲಕ್ಕಿಂತ ಮೇಲೆ ಇರಲಿ. ನಾಲ್ಕು ಜನ ಬಂದರೆ ನಾಲ್ಕು ಜನಕ್ಕೆ, ಹತ್ತು ಜನ ಬಂದರೆ ಹತ್ತು ಜನಕ್ಕೆ ಅಗಲ ಬೋಗುಣಿಯಲ್ಲಿ ಗೊಜ್ಜು, ಚುರುಮುರಿ, ಪುಟಾಣಿ ಹಿಟ್ಟು ಹಾಕಿ ಕೈಯಲ್ಲೇ ಕಲಸಿ. ಮೇಲೆ ಹಸಿ ಈರುಳ್ಳಿ, ಸೇವು. ಎರಡು ನಿಮಿಷದ ಕೆಲಸ. ತಿಂದವನು ಚಹಾ ಕುಡಿದು ತಾನಾಗೇ ಈರುಳ್ಳಿ ಹೆಚ್ಚಲು ಕೂರುತ್ತಾನೆ. ಹಸಿದವನಿಗೆ ಕೆಲಸ ಹೇಳಿದರೆ ಮಾತ್ರ ಜಗಳ.

ಇನ್ನು ಅಳತೆ. ಮನೆಯಲ್ಲಿ ಒಬ್ಬರಿಗೆ 100 ಗ್ರಾಂ ಅಕ್ಕಿ ಹಿಡಿದರೆ, ದಿನವಿಡೀ ಪೆಡಲ್ ತುಳಿದವರಿಗೆ 150 ಗ್ರಾಂ ಹಿಡಿಯಿರಿ. ಒಂದು ರಾತ್ರಿಯ ಊಟಕ್ಕೆ ಒಂದೂಕಾಲು ಕೆಜಿ ತೊಗರಿಬೇಳೆ, ಹುಳಿಗೂ ಪಲ್ಯಕ್ಕೂ ಸೇರಿ ನಾಲ್ಕೈದು ಕೆಜಿ ತರಕಾರಿ, ಮಜ್ಜಿಗೆಗೆ ಆರು ಲೀಟರ್ ಮೊಸರು. ಅನ್ನದ ಕೊಳಗ 20 ಲೀಟರಿನದಾದರೂ ಇರಲಿ. ದೊಡ್ಡ ಪಾತ್ರೆಯಲ್ಲಿ ನೀರು ಆವಿಯಾಗಿ ಹೋಗುವುದು ಕಡಿಮೆ. ಹಾಗಾಗಿ ಮನೆಯಲ್ಲಿ ಒಂದಕ್ಕೆ ಎರಡೂವರೆ ನೀರು ಇಡುವವರು ಇಲ್ಲಿ ಎರಡಕ್ಕೆ ಇಳಿಸಿ. ಬೇಕಾದರೆ ಪಕ್ಕದಲ್ಲಿ ಬಿಸಿನೀರು ಇದ್ದೇ ಇರುತ್ತದೆ. ಹಾಕಿದ ನೀರನ್ನು ತೆಗೆಯಲು ಆಗುವುದಿಲ್ಲ.

ಉಪ್ಪು, ಖಾರ, ಇಂಗು ಲೆಕ್ಕಕ್ಕೆ ಬಗ್ಗುವುದಿಲ್ಲ. ನಾಲ್ಕು ಜನರ ಹುಳಿಗೆ ಆರು ಮೆಣಸಿನಕಾಯಿ ಅಂತ 32 ಜನಕ್ಕೆ 48 ಹಾಕಿದರೆ ಮರುದಿನ ಸೀಟಿನ ಮೇಲೆ ಕೂರುವುದು ಕಷ್ಟ. ಲೆಕ್ಕ ಹಾಕಿ ಬಂದದ್ದರಲ್ಲಿ ಮುಕ್ಕಾಲು ಭಾಗ ಮೊದಲು ಹಾಕಿ, ಕುದಿ ಬಂದ ಮೇಲೆ ರುಚಿ ನೋಡಿ. ರುಚಿ ನೋಡುವವರು ಒಬ್ಬರೇ ಇರಲಿ. ಮೂರು ಜನ ನೋಡಿದರೆ ಮೂರು ಜನವೂ ಒಂದೊಂದು ಹಿಡಿ ಉಪ್ಪು ಹಾಕುತ್ತಾರೆ. ಇದು ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ರಾತ್ರಿ ಎಲ್ಲರೂ ಮೊಸರನ್ನ ತಿಂದರು.

ಉಪ್ಪಿಟ್ಟು ಕಾಯುವುದಿಲ್ಲ ಅಂದೆ. ಆದರೆ ಬೆಳಿಗ್ಗೆ ಎಲ್ಲರೂ ಒಂದೇ ಕಡೆ ಇರುತ್ತಾರೆ, ಆಗ ಅದಕ್ಕಿಂತ ಒಳ್ಳೆಯದಿಲ್ಲ. ನಾಲ್ಕು ಕೆಜಿ ರವೆಯನ್ನು ಮನೆಯಲ್ಲೇ ಹುರಿದು ಆರಿಸಿ ತನ್ನಿ. ಬೆಳಗಿನ ಐದು ಗಂಟೆಗೆ, ಕೈ ಮರಗಟ್ಟುವ ಚಳಿಯಲ್ಲಿ, ನಾಲ್ಕು ಕೆಜಿ ರವೆ ಹುರಿಯುವ ಉಸಾಬರಿ ಯಾರಿಗೂ ಬೇಡ. ಒಗ್ಗರಣೆ ಆಗಿ ಈರುಳ್ಳಿ ಬೆಂದ ಮೇಲೆ ಒಂದು ಅಳತೆ ರವೆಗೆ ಎರಡೂವರೆ ಅಳತೆ ನೀರು ಹಾಕಿ ಕುದಿಸಿ. ಆ ನೀರನ್ನು ಚಮಚದಲ್ಲಿ ನೆಕ್ಕಿ ನೋಡಿದರೆ ಉಪ್ಪು ಒಂಚೂರು ಮುಂದಾಗಿರಬೇಕು, ರವೆ ಅದನ್ನು ಎಳೆದುಕೊಳ್ಳುತ್ತದೆ. ಆಮೇಲೆ ಇಬ್ಬರು ಬೇಕು. ಒಬ್ಬರು ರವೆಯನ್ನು ಮಳೆ ಹನಿದ ಹಾಗೆ ಸುರಿಯುತ್ತಾ ಹೋಗಬೇಕು, ಇನ್ನೊಬ್ಬರು ಉದ್ದ ಹಿಡಿಯ ಸಟ್ಟುಗದಲ್ಲಿ ನಿಲ್ಲಿಸದೆ ತಿರುವಬೇಕು. ತಿರುವುವವರು ಕೈ ಬಲ ಇರುವವರಾಗಲಿ. ರವೆ ನೀರು ಹೀರಿದ ಆ ಒಂದು ನಿಮಿಷ ಸಟ್ಟುಗ ಸಿಮೆಂಟಿನಲ್ಲಿ ಸಿಕ್ಕಿಕೊಂಡ ಹಾಗೆ ಆಗುತ್ತದೆ. ಗಂಟು ಕಂಡರೆ ಕೊಳಗದ ಗೋಡೆಗೆ ಒತ್ತಿ ಒಡೆಯಿರಿ. ಉರಿ ಆರಿಸಿ, ಮುಚ್ಚಿ, ಹತ್ತು ನಿಮಿಷ ಬಿಡಿ. ಅಷ್ಟರಲ್ಲಿ ಟಯರಿಗೆ ಗಾಳಿ ನೋಡಿಕೊಳ್ಳಬಹುದು.

ಮಧ್ಯಾಹ್ನಕ್ಕೆ ಒಲೆ ಹಚ್ಚಲೇಬೇಡಿ. ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ನಡೆದು ಹೋಗುವ ನಿಮ್ಮ ಕಡೆಯ ಜನ ಏನು ಕಟ್ಟಿಕೊಳ್ಳುತ್ತಾರೆ ನೋಡಿದ್ದೀರಲ್ಲ? ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಕೆಡುವುದಿಲ್ಲ, ಸೋರುವುದಿಲ್ಲ, ತಟ್ಟೆ ಬೇಡ. ಜೊತೆಗೆ ಮೊಸರು, ಹಸಿ ಸೌತೆಕಾಯಿ, ಬಾಳೆಹಣ್ಣು ದಾರಿಯಲ್ಲೇ ಸಿಗುತ್ತವೆ. ರೊಟ್ಟಿ ಮಾತ್ರ ಗಟ್ಟಿ ಡಬ್ಬಿಯಲ್ಲಿರಲಿ, ಇಲ್ಲದಿದ್ದರೆ ಯಲ್ಲಾಪುರ ಮುಟ್ಟುವಷ್ಟರಲ್ಲಿ ಪುಡಿ.

ಎರಡನೇ ದಿನ ಅರಬೈಲ್ ಘಟ್ಟ ಇಳಿದ ಮೇಲೆ ಹವೆಯೇ ಬೇರೆ. ಮೇಲೆ ಚಳಿ, ಕೆಳಗೆ ಸೆಕೆ. ಬಯಲುಸೀಮೆಯಲ್ಲಿ ತಡೆಯುವ ಅಡುಗೆ ಅಲ್ಲಿ ತಡೆಯುವುದಿಲ್ಲ. ನಾನೇ ಒಮ್ಮೆ ಬೆಳಿಗ್ಗೆ ಐದಕ್ಕೆ ರುಬ್ಬಿದ ತೆಂಗಿನಕಾಯಿ ಚಟ್ನಿಯನ್ನು ಮಧ್ಯಾಹ್ನಕ್ಕೆ ಅಂತ ಘಟ್ಟದ ಕೆಳಗೆ ಕೊಂಡೊಯ್ದಿದ್ದೆ. ಡಬ್ಬಿ ತೆರೆದರೆ ಮೇಲೆ ಸಣ್ಣ ಗುಳ್ಳೆ, ಹುಳಿ ವಾಸನೆ. ನಲವತ್ತು ಜನರ ಚಟ್ನಿ ತೆಂಗಿನ ಬುಡಕ್ಕೆ ಹೋಯಿತು. ಅನ್ನದ ವಿಷಯದಲ್ಲಿ ಇನ್ನೂ ಹುಷಾರು. ಬೆಂದ ಅನ್ನ ಬೆಚ್ಚಗೆ ತಾಸುಗಟ್ಟಲೆ ಕೂತರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಬೆಯಾಡುವಷ್ಟು ಬಿಸಿ ಇರಬೇಕು, ಇಲ್ಲದಿದ್ದರೆ ಎರಡು ತಾಸಿನೊಳಗೆ ತಿಂದು ಮುಗಿಸಬೇಕು. ರಾತ್ರಿಯ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವ ಮನೆಯ ರೂಢಿಯನ್ನು ಈ ಮೂರು ದಿನ ಮರೆತುಬಿಡಿ. 32 ಜನರ ಹೊಟ್ಟೆ ಒಟ್ಟಿಗೆ ಕೆಟ್ಟರೆ ಒಂದು ಟಾಟಾ ಏಸ್ ಸಾಲದು.

ಪಾತ್ರೆ ಕೊಳ್ಳಲು ಹೋಗಬೇಡಿ. ಶಾಮಿಯಾನ ಅಂಗಡಿಯಲ್ಲಿ ಕೊಳಗ, ಸೌಟು, ಬರ್ನರ್ ಒಲೆ ಎಲ್ಲ ದಿನದ ಬಾಡಿಗೆಗೆ ಸಿಗುತ್ತವೆ. ರಾತ್ರಿ ಶಾಲೆಯಲ್ಲಿ ತಂಗುವುದಾದರೆ ಮುಖ್ಯ ಶಿಕ್ಷಕರಿಗೂ ಶಾಲೆಯ ಅಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯವರಿಗೂ ಮೊದಲೇ ಪತ್ರ ಕೊಟ್ಟು, ಅಕ್ಷರ ದಾಸೋಹದ ಅಡುಗೆಮನೆ ಹೊರಗಿನ ಕಟ್ಟೆಯನ್ನಾದರೂ ಬಳಸಬಹುದಾ ಕೇಳಿ. ಅಲ್ಲಿ ನೀರು, ನೆರಳು, ಪಾತ್ರೆ ತೊಳೆಯುವ ಜಾಗ ಮೂರೂ ಹತ್ತಿರ ಇರುತ್ತವೆ. ಬಿಸಿಯೂಟದ ಅಕ್ಕಂದಿರು ಸಿಕ್ಕರೆ ಅಳತೆ ಅವರನ್ನೇ ಕೇಳಿ. ದಿನಾ ನೂರಾರು ಮಕ್ಕಳಿಗೆ ಬೇಯಿಸುವವರು ಅವರು, ನನಗಿಂತ ಚೆನ್ನಾಗಿ ಹೇಳುತ್ತಾರೆ. ಕಾಡಿನ ಅಂಚಲ್ಲಿ ಮೂರು ಕಲ್ಲಿಟ್ಟು ಬೆಂಕಿ ಹಾಕುವ ಆಸೆ ಬೇಡವೇ ಬೇಡ. ಒಣ ಎಲೆಗೆ ಒಂದು ಕಿಡಿ ಸಾಕು. ಅನುಮತಿ ಇರುವ ಜಾಗದಲ್ಲಿ ಸೌದೆ ಒಲೆ ಸಿಕ್ಕರೆ, ಇಡುವ ಮೊದಲು ಕೊಳಗದ ಹೊರಮೈಗೆ ಒದ್ದೆ ಮಣ್ಣು ಮೆತ್ತಿ. ಮಸಿ ಮಣ್ಣಿನ ಜೊತೆಗೇ ಉದುರುತ್ತದೆ, ಬಾಡಿಗೆ ಅಂಗಡಿಯವನ ಜೊತೆ ವಾದ ತಪ್ಪುತ್ತದೆ.

ಪ್ರಶ್ನೆ: ನಾವು ಹತ್ತು ಗೆಳೆಯರು ಮೈಸೂರಿನಿಂದ ಮಡಿಕೇರಿಗೆ ಸೈಕಲ್‌ನಲ್ಲಿ ಹೊರಟಿದ್ದೇವೆ. ಹಿಂದೆ ಮುಂದೆ ಯಾವ ಗಾಡಿಯೂ ಇಲ್ಲ. ಅಡುಗೆ ಸಾಮಾನು ಹೊರುವುದು ಹೇಗೆ? (ಓದುಗರು, ಮೈಸೂರು)

ಉತ್ತರ: ಆದಷ್ಟು ಹೊರಬೇಡಿ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ಎಲ್ಲ ಕಡೆ ಅಂಗಡಿ ಇದೆ. ಅಕ್ಕಿ, ತರಕಾರಿಯನ್ನು ಬೇಯಿಸುವ ಊರಲ್ಲೇ ಕೊಳ್ಳಿ. ಕುಶಾಲನಗರ ದಾಟಿದ ಮೇಲೆ ಏರು ಶುರು, ಭಾರದ್ದನ್ನೆಲ್ಲ ಅದಕ್ಕೆ ಮೊದಲೇ ಹೊಟ್ಟೆಗೆ ಹಾಕಿಕೊಂಡು ಹತ್ತಿ.

ಒಂದು ದೊಡ್ಡ ಪಾತ್ರೆಯ ಬದಲು ಐದು ಲೀಟರಿನ ಎರಡು ಕುಕ್ಕರ್ ಒಯ್ಯಿರಿ. ಒಂದೊಂದರಲ್ಲಿ ಮುಕ್ಕಾಲು ಕೆಜಿ ಅಕ್ಕಿ ಬೇಯುತ್ತದೆ, ಹತ್ತು ಜನಕ್ಕೆ ಅಲ್ಲಿಗೆ ಸರಿಹೋಯಿತು. ಸೈಕಲ್ ಮೇಲೆ ಖಾಲಿ ಕುಕ್ಕರ್ ಅಂದರೆ ದಂಡದ ಜಾಗ, ಒಳಗೆ ಪುಳಿಯೋಗರೆ ಗೊಜ್ಜು, ಉಪ್ಪು, ಎಣ್ಣೆ ಬಾಟಲಿ ಬಟ್ಟೆಯಲ್ಲಿ ಸುತ್ತಿಡಿ. ಗೊಜ್ಜು ಇದ್ದರೆ ಬಿಸಿ ಅನ್ನಕ್ಕೆ ಕಲಸಿದರೆ ಊಟ ಮುಗಿಯಿತು. ಕ್ಯಾಂಪಿಂಗ್ ಗ್ಯಾಸ್ ಡಬ್ಬಿಯ ನೆತ್ತಿಗೇ ಸಿಕ್ಕಿಸುವ ಪುಟ್ಟ ಒಲೆಯ ಮೇಲೆ ಕುಕ್ಕರ್ ಇಡಬೇಡಿ, ವಾಲಿ ಬೀಳುತ್ತದೆ. ಕಾಲು ಅಗಲಿಸಿ ನೆಲಕ್ಕೆ ಕೂರುವ, ಪೈಪ್ ಇರುವ ಒಲೆ ತೆಗೆದುಕೊಳ್ಳಿ. ಗಾಳಿಗೆ ತಡೆ ಕಟ್ಟುವಾಗ ಗ್ಯಾಸ್ ಡಬ್ಬಿ ಅದರ ಹೊರಗೇ ಇರಲಿ. ಡಬ್ಬಿ ಬಿಸಿಯಾದರೆ ಅಪಾಯ.

ಪ್ರಶ್ನೆ: ಬಾಟಲಿಗೆ ಹಾಕಿಕೊಳ್ಳುವ ಎನರ್ಜಿ ಪುಡಿ ಎಲ್ಲರಿಗೂ ಕೊಳ್ಳುವಷ್ಟು ದುಡ್ಡಿಲ್ಲ. ಮನೆಯಲ್ಲಿ ಏನು ಮಾಡಬಹುದು? (ವಿದ್ಯಾರ್ಥಿ, ದಾವಣಗೆರೆ)

ಉತ್ತರ: ನಿಂಬೆ ಪಾನಕಕ್ಕೆ ಚಿಟಿಕೆ ಉಪ್ಪು, ಇಲ್ಲವೇ ಉಪ್ಪು ಹಾಕಿದ ನೀರು ಮಜ್ಜಿಗೆ. ಜೇಬಲ್ಲಿ ಶೇಂಗಾ ಚಿಕ್ಕಿ. ಬೆಳಿಗ್ಗೆ ಹೊರಡುವಾಗ ಒಂದು ಲೋಟ ರಾಗಿ ಅಂಬಲಿ ಕುಡಿದರೆ ಹೊಟ್ಟೆ ತಂಪಾಗಿರುತ್ತದೆ. ಯಾರಿಗಾದರೂ ಭೇದಿ ಶುರುವಾದರೆ ಮಾತ್ರ ಕಣ್ಣಳತೆ ಬೇಡ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ಅಂಚಿಗೆ ಸಮ ಮಾಡಿ ಅಳೆದೇ ಹಾಕಬೇಕು. ಉಪ್ಪು ಹೆಚ್ಚಾದರೆ ತೊಂದರೆಯೇ ಹೆಚ್ಚುತ್ತದೆ. ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣ ನಾಲ್ಕು ಜೊತೆಗಿರಲಿ, ಅದಕ್ಕೇನು ಅಷ್ಟು ದುಡ್ಡಾಗುವುದಿಲ್ಲ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಮುಟ್ಟದವರು ಮೂವರು, ದಿನಾ ಮೊಟ್ಟೆ ಬೇಕೆನ್ನುವವರು ಐವರು. ಒಂದೇ ಕೊಳಗದಲ್ಲಿ ಹೇಗೆ? (ಓದುಗರು, ಶಿವಮೊಗ್ಗ)

ಉತ್ತರ: ಕೊಳಗದೊಳಗೆ ಎಲ್ಲರೂ ತಿನ್ನುವುದು ಮಾತ್ರ ಇರಲಿ. ಬೇಳೆ, ತರಕಾರಿ ಬೆಂದ ಮೇಲೆ ಮೂವರಿಗೆ ಬೇಕಾದಷ್ಟನ್ನು ಮೊದಲೇ ಬೇರೆ ತಪ್ಪಲೆಗೆ ತೆಗೆದು, ಅದಕ್ಕೆ ಇಂಗಿನ ಒಗ್ಗರಣೆ ಕೊಡಿ. ಉಳಿದದ್ದಕ್ಕೆ ಬೆಳ್ಳುಳ್ಳಿ ಒಗ್ಗರಣೆ. ಎರಡಕ್ಕೂ ಬೇರೆ ಬೇರೆ ಸೌಟು, ಹಿಡಿಗೆ ಬಣ್ಣದ ದಾರ ಕಟ್ಟಿ. ಮೊಟ್ಟೆಯನ್ನು ಇನ್ನೊಂದು ಪಾತ್ರೆಯಲ್ಲಿ ಬೇಯಿಸಿ ಸಿಪ್ಪೆ ಸಮೇತ ಕೊಟ್ಟುಬಿಡಿ, ಬೇಕಾದವರು ಸುಲಿದುಕೊಳ್ಳಲಿ. ಆ ಪಾತ್ರೆಯನ್ನೂ ಆ ಐವರೇ ತೊಳೆಯಲಿ.